ಬ್ಯಾಂಕಾಕಿನ ಮೊದಲ ದಿನಗಳಿಗೆ ಕಿತ್ತಳೆ ಬಾವುಟದ ದೋಣಿ

ಬೆನ್ನಿಗೆ ಚೀಲ ಏರಿಸಿಕೊಂಡು ಮೊದಲ ಸಲ ಬ್ಯಾಂಕಾಕಿಗೆ ಹೋಗುವವರಲ್ಲಿ ಅನೇಕರು ವಿಮಾನ ನಿಲ್ದಾಣದಿಂದ ನೇರವಾಗಿ ಖಾವೊ ಸಾನ್ ರಸ್ತೆಗೆ ಟ್ಯಾಕ್ಸಿ ಹಿಡಿಯುತ್ತಾರೆ. ವಾಹನಗಳ ದಟ್ಟಣೆಯಲ್ಲಿ, ಓದಲು ಬಾರದ ಫಲಕಗಳ ನಡುವೆ ಸಾಗುವ ಆ ಪ್ರಯಾಣದಲ್ಲಿ ಊರಿನ ದಿಕ್ಕು ದೆಸೆ ಒಂದೂ ತಿಳಿಯುವುದಿಲ್ಲ. ಅದರ ಬದಲು ಸುವರ್ಣಭೂಮಿ ನಿಲ್ದಾಣದಿಂದ ರೈಲಿನಲ್ಲಿ ಫಯಾ ಥಾಯ್‌ವರೆಗೆ ಬಂದು, ಬಿಟಿಎಸ್ ಎಂಬ ಎತ್ತರದ ಹಳಿಯ ನಗರ ರೈಲು ಹತ್ತಿ, ಸಿಯಾಮ್‌ನಲ್ಲಿ ಗಾಡಿ ಬದಲಿಸಿ ಸಫಾನ್ ತಕ್ಸಿನ್‌ನಲ್ಲಿ ಇಳಿದರೆ, ಪಕ್ಕದಲ್ಲೇ ಸಾಥೋನ್ ದೋಣಿಕಟ್ಟೆ ಸಿಗುತ್ತದೆ. ಹೊಸಬರಿಗೆ ಬ್ಯಾಂಕಾಕನ್ನು ಪರಿಚಯಿಸಲು ಅಲ್ಲಿಂದ ಹೊರಡುವ ಚಾವೊ ಫ್ರಯಾ ಎಕ್ಸ್‌ಪ್ರೆಸ್ ದೋಣಿಗಿಂತ ಒಳ್ಳೆಯ ಸೇವೆ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

1782ರಲ್ಲಿ ಥಾಯ್ ದೊರೆ ಒಂದನೆಯ ರಾಮ ರಾಜಧಾನಿಯನ್ನು ಚಾವೊ ಫ್ರಯಾ ನದಿಯ ಪೂರ್ವ ದಂಡೆಗೆ ತಂದದ್ದರಿಂದ, ಹಳೆಯ ನಗರದಲ್ಲಿ ನೋಡಬೇಕಾದ ಬಹುಪಾಲು ಸ್ಥಳಗಳು ನೀರಿಗೆ ಹತ್ತಿರದಲ್ಲೇ ಇವೆ. ಸಾಥೋನ್‌ನಿಂದ ಉತ್ತರಕ್ಕಿರುವ ಕಟ್ಟೆಗಳಿಗೆ ‘ಎನ್’ ಅಕ್ಷರದೊಂದಿಗೆ ಸಂಖ್ಯೆ ಕೊಟ್ಟಿರುವುದರಿಂದ ಥಾಯ್ ಲಿಪಿ ಬಾರದವರೂ ಗೊಂದಲಪಡಬೇಕಾಗಿಲ್ಲ. ಚೈನಾಟೌನಿಗೆ ಎನ್ 5, ಸುಮಾರು 46 ಮೀಟರ್ ಉದ್ದದ ಮಲಗಿದ ಬುದ್ಧನಿರುವ ವಾಟ್ ಫೋ ದೇವಾಲಯಕ್ಕೆ ಎನ್ 8, ಅರಮನೆಗೆ ಎನ್ 9, ಖಾವೊ ಸಾನ್ ರಸ್ತೆಯೂ ಅಗ್ಗದ ವಸತಿಗಳೂ ಇರುವ ಬಂಗ್ಲಂಫುಗೆ ಎನ್ 13. ಎನ್ 8ರಿಂದ ಎದುರು ದಂಡೆಯ ವಾಟ್ ಅರುಣ್‌ಗೆ ದಾಟಿಸಲು ಚಿಕ್ಕ ದೋಣಿಯೊಂದು ಬೇರೆಯೇ ಓಡಾಡುತ್ತಿರುತ್ತದೆ.

ದೋಣಿಯೊಳಗಿನ ಶಿಸ್ತನ್ನು ಎಷ್ಟು ನೋಡಿದರೂ ತೃಪ್ತಿಯಾಗದು. ಹಿಂಬದಿಯಲ್ಲಿ ಹಗ್ಗ ಹಿಡಿದು ನಿಂತ ಕೆಲಸಗಾರ ಬಗೆಬಗೆಯಾಗಿ ಸೀಟಿ ಊದುತ್ತಾ, ಮುಂದೆ ಕೂತ ಚಾಲಕನಿಗೆ ಕಟ್ಟೆ ಎಷ್ಟು ಹತ್ತಿರವಾಯಿತೆಂದು ತಿಳಿಸುತ್ತಾನೆ. ಹಗ್ಗ ಕಂಬಕ್ಕೆ ಸುತ್ತಿದ ಕೆಲವೇ ಕ್ಷಣಗಳಲ್ಲಿ ಜನ ಇಳಿದು, ಹತ್ತಿ, ದೋಣಿ ಮತ್ತೆ ಹೊರಟಿರುತ್ತದೆ. ನಿರ್ವಾಹಕಿ ಉದ್ದನೆಯ ಲೋಹದ ಡಬ್ಬಿಯಲ್ಲಿ ಚಿಲ್ಲರೆ ಕುಲುಕುತ್ತಾ ಬಂದು, ಅದರ ಮುಚ್ಚಳದ ಅಂಚಿನಿಂದಲೇ ಚೀಟಿ ಹರಿದು ಕೊಡುತ್ತಾಳೆ. ಯಾವ ದೋಣಿ ಯಾವ ಬಗೆಯದೆಂಬುದನ್ನು ಅದರ ಬಾವುಟದ ಬಣ್ಣ ಹೇಳುತ್ತದೆ. ಕಿತ್ತಳೆ ಬಾವುಟದ ದೋಣಿಯಲ್ಲಿ ಎಷ್ಟು ದೂರ ಹೋದರೂ ಒಂದೇ ದರ. ನಾನು ಹೋದಾಗ ಅದು 16 ಬಾತ್ ಇತ್ತು. ಶಾಲಾ ಮಕ್ಕಳು, ಕಚೇರಿಗೆ ಹೊರಟವರು, ತಮಗೆಂದೇ ಮೀಸಲಿಟ್ಟ ಜಾಗದಲ್ಲಿ ನಿಂತ ಭಿಕ್ಷುಗಳು, ಇವರೆಲ್ಲರ ಜೊತೆಗಿನ ಆ ಅರ್ಧ ಗಂಟೆಯಲ್ಲಿ, ಪ್ರವಾಸಿಗರಿಗಾಗಿ ಸಿಂಗರಿಸದ ಬ್ಯಾಂಕಾಕ್ ಕಣ್ಣಿಗೆ ಬೀಳುತ್ತದೆ. ಭಿಕ್ಷುಗಳಿಗೆ ಮೈ ತಾಗದಂತೆ ಹೆಂಗಸರು ಎಚ್ಚರ ವಹಿಸುವುದು ಅಲ್ಲಿನ ರೂಢಿ, ಅದನ್ನು ನಾವೂ ಪಾಲಿಸಬೇಕು.

ಕೊರತೆಗಳೂ ಇವೆ. ನೀಲಿ ಬಾವುಟದ ಪ್ರವಾಸಿ ದೋಣಿಯ ದರ ಹೆಚ್ಚು. ಸಾಥೋನ್‌ನಲ್ಲಿ ಅದರ ಜಾಹೀರಾತೇ ಎದ್ದು ಕಾಣುವುದರಿಂದ ಹೊಸಬರು ಅದೊಂದೇ ಇರುವುದೆಂದು ಭಾವಿಸುವ ಸಾಧ್ಯತೆ ಇದೆ. ಹತ್ತುವ ಮೊದಲು ಬಾವುಟದ ಬಣ್ಣ ನೋಡಿಕೊಳ್ಳಿ. ಹಳದಿ ಬಾವುಟದ ದೋಣಿ ಎಲ್ಲ ಕಟ್ಟೆಗಳಲ್ಲೂ ನಿಲ್ಲುವುದಿಲ್ಲ. ಸಂಜೆ ಕಚೇರಿ ಬಿಡುವ ಹೊತ್ತಿನ ನೂಕುನುಗ್ಗಲಿನಲ್ಲಿ ಬೆನ್ನುಚೀಲ ಹೊತ್ತು ನಿಲ್ಲುವುದು ನಮಗೂ ಕಷ್ಟ, ಅಕ್ಕಪಕ್ಕದವರಿಗೂ ಕಷ್ಟ. ಎಲ್ಲಕ್ಕಿಂತ ದೊಡ್ಡ ಮಿತಿಯೆಂದರೆ ಕತ್ತಲಾಗುತ್ತಿದ್ದಂತೆ ಕಿತ್ತಳೆ ಬಾವುಟದ ಸೇವೆ ನಿಂತುಬಿಡುತ್ತದೆ. ಚೈನಾಟೌನ್ ಅಥವಾ ಸೀಲೋಮ್ ಕಡೆ ಉಳಿದುಕೊಂಡವರು ವಾಟ್ ಫೋ ಸಮೀಪದಲ್ಲಿ 2019ರಲ್ಲಿ ಆರಂಭವಾದ ಸನಾಮ್ ಚಾಯ್ ಮೆಟ್ರೊ ನಿಲ್ದಾಣದಿಂದ ರಾತ್ರಿ ಹಿಂತಿರುಗಬಹುದು. ಬಂಗ್ಲಂಫುವಿನಲ್ಲಿ ಉಳಿದವರಿಗೆ ಮೆಟ್ರೊ ಅಷ್ಟು ಹತ್ತಿರವಿಲ್ಲವಾದ್ದರಿಂದ, ಬೆಳಕಿರುವಾಗಲೇ ದೋಣಿ ಹಿಡಿಯುವುದು ಒಳ್ಳೆಯದು.