ಛಾವಣಿ ಟೆಂಟಿನ ಬಾಡಿಗೆ ಹೈಲಕ್ಸ್: ಊಡ್ನಡಾಟಾ ಟ್ರ್ಯಾಕ್‌ಗೆ ನಾಲ್ವರು ಹೊರಟರೆ ಏನು ಸಾಕು, ಏನು ಸಾಲದು

ಅಡಿಲೇಡ್‌ನಲ್ಲಿ ಬಾಡಿಗೆಗೆ ಸಿಗುವ ಫೋರ್ ವ್ಹೀಲ್ ಡ್ರೈವ್ ಕ್ಯಾಂಪರ್‌ಗಳು ಯಾವ ಕಂಪನಿಯದ್ದಾದರೂ ಹೆಚ್ಚೂಕಡಿಮೆ ಒಂದೇ ಅಚ್ಚಿನವು. ಡಬಲ್ ಕ್ಯಾಬ್ ಟೊಯೊಟಾ ಹೈಲಕ್ಸ್, 2.8 ಲೀಟರ್ ಡೀಸೆಲ್ ಎಂಜಿನ್, ಮೇಲೆ ಒಂದೋ ಎರಡೋ ಮಡಚುವ ಟೆಂಟ್, ಹಿಂದೆ 40 ಲೀಟರ್ ಫ್ರಿಜ್, ಅದಕ್ಕೊಂದು ಎರಡನೇ ಬ್ಯಾಟರಿ, ಗ್ಯಾಸ್ ಒಲೆ, ಪಾತ್ರೆ, ಕುರ್ಚಿ, ಹಾಸಿಗೆ. ವಿಮರ್ಶೆ ಇಡೀ ಪ್ಯಾಕೇಜಿನದು, ಯಾವುದೋ ಒಂದು ಅಂಗಡಿಯದಲ್ಲ. ಅಳೆದು ನೋಡಿರುವುದು ಒಂದೇ ದಾರಿಗೆ: ದಕ್ಷಿಣ ಆಸ್ಟ್ರೇಲಿಯಾದ ಮರೀಯಿಂದ ಮಾರ್ಲಾವರೆಗೆ ಸುಮಾರು 620 ಕಿ.ಮೀ. ಡಾಂಬರಿಲ್ಲದ ಊಡ್ನಡಾಟಾ ಟ್ರ್ಯಾಕ್. ಮಲಗುವುದಕ್ಕೆ, ಉಣ್ಣುವುದಕ್ಕೆ ಪ್ಯಾಕೇಜ್ ಚೆನ್ನಾಗಿಯೇ ಇದೆ. ಟೈರು, ನೀರು, ವಿಮೆ ಈ ಮೂರರಲ್ಲಿ ಕೈ ಬಿಗಿ ಹಿಡಿದಿರುತ್ತಾರೆ. ಪ್ರವಾಸ ಕೆಡುವುದೂ ಬಹುತೇಕ ಈ ಮೂರರಿಂದಲೇ.

ಹಳೆಯ ಘಾನ್ ರೈಲು ಹಳಿ ಮತ್ತು 1872ರಲ್ಲಿ ಮುಗಿದ ಟೆಲಿಗ್ರಾಫ್ ತಂತಿ ಹೋದ ಜಾಡಿನಲ್ಲೇ ಈ ರಸ್ತೆ ಸಾಗುತ್ತದೆ. ನೆಲದಿಂದ ತಾನಾಗಿ ಉಕ್ಕುವ ಬುಗ್ಗೆಗಳು ಈ ಸಾಲಿನಲ್ಲೇ ಇದ್ದದ್ದರಿಂದ ರೈಲೂ ತಂತಿಯೂ ಇಲ್ಲೇ ಬಂದವು. ಮರೀಯಿಂದ ವಿಲಿಯಂ ಕ್ರೀಕ್, ಅಲ್ಲಿಂದ ಊಡ್ನಡಾಟಾ, ಅಲ್ಲಿಂದ ಮಾರ್ಲಾ. ಒಂದೊಂದರ ನಡುವೆ ಸುಮಾರು 200 ಕಿ.ಮೀ. ನಡುವೆ ಪೆಟ್ರೋಲ್ ಬಂಕ್ ಇಲ್ಲ, ಊರುಗಳ ಆಚೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಒಣಗಿದ್ದಾಗ ರಸ್ತೆ ಕಷ್ಟದ್ದೇನಲ್ಲ, ಹೊಸಬರೂ ಓಡಿಸಬಹುದು. ಬಾಡಿಗೆ ಗಾಡಿಯವರು ಇದನ್ನು ‘ಸುಲಭದ ದಾರಿ’ ಎಂದು ಮಾರುವುದು ಅದಕ್ಕೇ.

ಮೊದಲು ಭಾರದ ಲೆಕ್ಕ, ಏಕೆಂದರೆ ‘ನಾಲ್ವರಿಗೆ’ ಎಂಬ ಜಾಹೀರಾತು ಅಲ್ಲೇ ಅಲುಗಾಡುತ್ತದೆ. ಡಬಲ್ ಕ್ಯಾಬ್ ಹೈಲಕ್ಸ್ ಹೊರಬಹುದಾದ ಭಾರ, ಮಾದರಿಗೆ ತಕ್ಕಂತೆ, ಸುಮಾರು 900ರಿಂದ 1000 ಕೆ.ಜಿ. ನಾಲ್ಕು ಜನ 300, ಎರಡು ಟೆಂಟ್ 130, ಮುಂದಿನ ಬುಲ್ ಬಾರ್ (ಪ್ರಾಣಿ ಡಿಕ್ಕಿ ತಡೆಯುವ ಕಂಬಿ) ಮತ್ತು ಹಿಂದಿನ ಕ್ಯಾನಪಿ (ಸಾಮಾನಿನ ಭಾಗದ ಗಟ್ಟಿ ಮುಚ್ಚಳ), ಡ್ರಾಯರ್ ಸೇರಿ 200, ನೀರು 60, ತುಂಬಿದ ಫ್ರಿಜ್ 50, ಎರಡನೇ ಸ್ಟೆಪ್ನಿ ಮತ್ತು ಸಾಮಾನು 45. ಇಷ್ಟಕ್ಕೇ 785 ಆಯಿತು. ಬಟ್ಟೆಬರೆ, ದಿನಸಿ, ಕುರ್ಚಿ, ಸೌದೆ ಸೇರಿದರೆ ಮಿತಿ ಮುಟ್ಟಿತು. ಜೊತೆಗೆ ಛಾವಣಿಗೆ ಬೇರೆಯೇ ಮಿತಿ ಇದೆ. ಗಾಡಿ ಓಡುವಾಗಿನ ಮಿತಿ, ನಿಂತಾಗಿನದಕ್ಕಿಂತ ಬಹಳ ಕಡಿಮೆ. ಎರಡು ಟೆಂಟ್‌ಗಳಲ್ಲಿ ಒಂದು ಕ್ಯಾನಪಿಯ ಮೇಲಿರುವ ಗಾಡಿ ಸರಿ, ಎರಡೂ ಕ್ಯಾಬಿನ್ ಛಾವಣಿಯ ಮೇಲಿದ್ದರೆ ಬೇಡ ಎನ್ನಿ. ನಾಲ್ವರೂ ಆರಡಿ ಆಳುಗಳಾದರೆ ಒಂದು ಟೆಂಟ್ ಛಾವಣಿಯ ಮೇಲಿರಲಿ, ಇನ್ನಿಬ್ಬರು ನೆಲದ ಮೇಲೆ ಸ್ವಾಗ್‌ನಲ್ಲಿ ಮಲಗಲಿ. ಸ್ವಾಗ್ ಎಂದರೆ ಒಳಗೇ ಹಾಸಿಗೆ ಇರುವ ದಪ್ಪ ಕ್ಯಾನ್ವಾಸ್ ಚೀಲ. ಹಾಸಿ ಮಲಗಲು ಎರಡು ನಿಮಿಷ ಸಾಕು, ಗಾಳಿಗೂ ಜಗ್ಗುವುದಿಲ್ಲ.

ಇನ್ನು ಟೈರು. ಗಾಡಿ ಪಡೆಯುವಾಗ ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲೇ ಕಳೆಯಬೇಕು. ಊಡ್ನಡಾಟಾದ ಸುತ್ತ ಗಿಬ್ಬರ್ ಎನ್ನುವ ಕೆಂಪು ಕಲ್ಲುಗಳಿವೆ, ಅಂಚು ಚೂಪು. ಅವು ಟೈರಿನ ತಳಕ್ಕಿಂತ ಬದಿಯನ್ನು ಸೀಳುತ್ತವೆ. ಟೈರಿನ ಬದಿಯ ಅಳತೆ ಎಲ್‌ಟಿ ಎಂಬ ಅಕ್ಷರಗಳಿಂದ ಶುರುವಾಗಿದೆಯೇ ನೋಡಿ. ಅದು ಲೈಟ್ ಟ್ರಕ್ ಟೈರು, ಬದಿ ದಪ್ಪ. ಹೆದ್ದಾರಿ ಟೈರು ಹಾಕಿದ ಗಾಡಿಯನ್ನು ಈ ದಾರಿಗೆ ಕೊಟ್ಟರೆ ಬದಲಿಸಿ ಕೊಡಿ ಎಂದು ಕೇಳಿ. ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ಒಂದೇ ಸ್ಟೆಪ್ನಿ ಇರುತ್ತದೆ, ಎರಡನೆಯದಕ್ಕೆ ಬೇರೆ ದುಡ್ಡು. ಕೊಡಿ. ಸ್ಟೆಪ್ನಿ ಗಾಡಿಯ ಹೊಟ್ಟೆಯ ಕೆಳಗೆ ಇರುವುದರಿಂದ ಅದನ್ನು ಇಳಿಸುವ ಉದ್ದದ ಹಿಡಿ, ಜಾಕ್, ಜಾಕ್ ಕೆಳಗಿಡಲು ಒಂದು ಹಲಗೆ, ಮೂರೂ ಇವೆಯೇ ಎಂದು ಅಂಗಡಿಯ ಅಂಗಳದಲ್ಲೇ ಒಮ್ಮೆ ಇಳಿಸಿ ನೋಡಿ. ಧೂಳು ತುಂಬಿದ ಸ್ಟೆಪ್ನಿ ಸರಪಳಿ ಸಿಕ್ಕಿಕೊಂಡಿರುವುದು ಬಾಡಿಗೆ ಗಾಡಿಗಳ ಮಾಮೂಲಿ ರೋಗ.

ಗಾಳಿ: ಡಾಂಬರಿನಲ್ಲಿ ಭಾರ ಹೇರಿದಾಗ 38 ಪಿಎಸ್‌ಐ ಆಸುಪಾಸು. ಡಾಂಬರು ಮುಗಿದ ಕೂಡಲೇ ನಿಲ್ಲಿಸಿ 28ರಿಂದ 30ಕ್ಕೆ ಇಳಿಸಿ, ವೇಗವನ್ನೂ ಗಂಟೆಗೆ 80 ಕಿ.ಮೀ.ಗೆ ಇಳಿಸಿ. ಗಾಳಿ ಮಾತ್ರ ಇಳಿಸಿ ವೇಗ ಇಳಿಸದಿದ್ದರೆ ಟೈರು ಬಿಸಿಯಾಗಿ ಒಳಗಿಂದ ಹರಿಯುತ್ತದೆ. ಸರಿ ಇದೆಯೋ ಇಲ್ಲವೋ ತಿಳಿಯಲು ಹಳೆಯ ಲೆಕ್ಕವೊಂದಿದೆ: ತಣ್ಣಗಿದ್ದಾಗ ಅಳೆಯಿರಿ, ಒಂದು ಗಂಟೆ ಓಡಿಸಿ ಮತ್ತೆ ಅಳೆಯಿರಿ. ಎಲ್‌ಟಿ ಟೈರಿನಲ್ಲಿ ಸುಮಾರು 6 ಪಿಎಸ್‌ಐ ಏರಿದ್ದರೆ ಸರಿ. ಅದಕ್ಕಿಂತ ಹೆಚ್ಚು ಏರಿದ್ದರೆ ಗಾಳಿ ಕಡಿಮೆಯಾಗಿ ಟೈರು ಬಳುಕಿ ಬಿಸಿಯಾಗುತ್ತಿದೆ, ಇನ್ನಷ್ಟು ತುಂಬಿ. ಏರಿಕೆ ಕಡಿಮೆಯಿದ್ದರೆ ಗಾಳಿ ಹೆಚ್ಚಿದೆ. ಪ್ಯಾಕೇಜಿನ ಕಂಪ್ರೆಸರ್ ಸಿಗರೇಟ್ ಸಾಕೆಟ್‌ಗೆ ಚುಚ್ಚುವಂಥದ್ದಾದರೆ ಎರಡು ಟೈರಿಗೇ ಫ್ಯೂಸ್ ಹೋದೀತು. ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಾಕುವಂಥದ್ದೇ ಬೇಕು, ತುಂಬುವಾಗ ಎಂಜಿನ್ ಓಡುತ್ತಿರಲಿ.

ಪಂಕ್ಚರ್ ಕಿಟ್ ಹೆಚ್ಚಿನ ಕಡೆ ಕೊಡುವುದಿಲ್ಲ, ಅಂಗಡಿಯಲ್ಲಿ ಕೊಂಡುಕೊಳ್ಳಿ. ಮೊಳೆಯನ್ನು ಕಿತ್ತ ಮೇಲೆ ಕಿಟ್ ಹುಡುಕಬೇಡಿ. ಮೊದಲು ಪ್ಲಗ್ ದಾರವನ್ನು ಸೂಜಿಗೆ ಪೋಣಿಸಿ, ಅಂಟು ಸವರಿ ಕೈಯಲ್ಲಿಟ್ಟುಕೊಳ್ಳಿ. ಆಮೇಲೆ ಮೊಳೆ ಕಿತ್ತು, ಅದು ಹೊಕ್ಕಿದ್ದ ಓರೆಯಲ್ಲೇ ರೀಮರ್ (ತೂತು ಉಜ್ಜುವ ಒರಟು ಕಡ್ಡಿ) ತೂರಿಸಿ ನಾಲ್ಕಾರು ಸಲ ತಿರುವಿ, ಪ್ಲಗ್ ತಳ್ಳಿ, ಎರಡು ತುದಿ ಹೊರಗೆ ಒಂದು ಸೆಂಟಿಮೀಟರ್ ಉಳಿಯುವಂತೆ ಸೂಜಿಯನ್ನು ಥಟ್ಟನೆ ಎಳೆಯಿರಿ. ಗಾಳಿ ತುಂಬಿ ಎಂಜಲು ಹಚ್ಚಿ ಗುಳ್ಳೆ ನೋಡಿ. ಇದು ತಳಕ್ಕೆ ಮಾತ್ರ. ಬದಿ ಸೀಳಿದ ಟೈರನ್ನು ಪ್ಲಗ್ ಮೇಲೆ ನಂಬಿ 80ರಲ್ಲಿ ಓಡಿಸುವ ಹಾಗಿಲ್ಲ.

ರಸ್ತೆ ತಗಡಿನ ಶೀಟಿನಂತೆ ಅಲೆಅಲೆಯಾಗಿರುವ ಕಡೆ ಗಾಡಿಯ ನಟ್ಟುಬೋಲ್ಟುಗಳೆಲ್ಲ ಸಡಿಲವಾಗುತ್ತವೆ. ಬೆಳಿಗ್ಗೆ ಹೊರಡುವ ಮುನ್ನ ಚಕ್ರದ ನಟ್ಟು, ಬ್ಯಾಟರಿ ಟರ್ಮಿನಲ್, ಟೆಂಟನ್ನು ಕಂಬಿಗೆ ಹಿಡಿದಿರುವ ಬೋಲ್ಟ್, ಫ್ರಿಜ್ ಪಟ್ಟಿ ಇವನ್ನು ಮುಟ್ಟಿ ನೋಡಬೇಕು. ಹೈಲಕ್ಸ್‌ನಲ್ಲಿ 4ಎಚ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ) ಹಾಕಿಕೊಂಡರೆ ಜಲ್ಲಿಯ ಮೇಲೆ ಹಿಂಬದಿ ಜಾರುವುದು ಕಡಿಮೆ. ಡಾಂಬರು ಸಿಕ್ಕ ತಕ್ಷಣ 2ಎಚ್‌ಗೆ (ಹಿಂದಿನ ಎರಡೇ ಚಕ್ರಕ್ಕೆ) ಬನ್ನಿ, ಇಲ್ಲದಿದ್ದರೆ ಗೇರ್ ವ್ಯವಸ್ಥೆ ಬಿಗಿದುಕೊಳ್ಳುತ್ತದೆ. ಧೂಳು ಕ್ಯಾನಪಿಯ ಹಿಂಬಾಗಿಲ ಸಂದಿನಿಂದ ಒಳಬರುತ್ತದೆ. ಬಟ್ಟೆ, ಅಕ್ಕಿ, ಹಿಟ್ಟು ಎಲ್ಲ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿರಲಿ.

ಫ್ರಿಜ್‌ಗೆ ಪೂರ್ತಿ ಅಂಕ ಕೊಡಬಹುದು, ಒಂದು ಷರತ್ತಿನ ಮೇಲೆ. 12 ವೋಲ್ಟಿನ 40 ಲೀಟರ್ ಕಂಪ್ರೆಸರ್ ಫ್ರಿಜ್ ಚಳಿಗಾಲದ ಹವೆಯಲ್ಲಿ ದಿನಕ್ಕೆ 30ರಿಂದ 40 ಆಂಪಿಯರ್ ಅವರ್ ಕುಡಿಯುತ್ತದೆ. 100 ಆಂಪಿಯರ್ ಅವರ್‌ನ ಎಜಿಎಂ (ಮುಚ್ಚಿದ ಸೀಸ-ಆಮ್ಲದ) ಬ್ಯಾಟರಿಯಲ್ಲಿ ಬಳಸಬಹುದಾದದ್ದು ಅರ್ಧ. ಅಂದರೆ ಗಾಡಿ ಕದಲದೆ ಒಂದೇ ಕಡೆ ಎರಡು ರಾತ್ರಿ ನಿಂತರೆ ಎರಡನೇ ಬೆಳಿಗ್ಗೆ ಹಾಲು ಒಡೆದಿರುತ್ತದೆ. ಎರಡು ದಿನ ನಿಲ್ಲುವ ಮನಸ್ಸಿದ್ದರೆ ಮಡಚುವ ಸೋಲಾರ್ ಹಾಸು ಕೇಳಿ ಪಡೆಯಿರಿ. ಫ್ರಿಜ್‌ನ ತಂತಿ ದಪ್ಪನೆಯ ಆಂಡರ್ಸನ್ ಪ್ಲಗ್‌ನಲ್ಲಿ ಸೇರಿರಬೇಕು. ಸಿಗರೇಟ್ ಪ್ಲಗ್ ಆದರೆ ಅಲುಗಾಟಕ್ಕೆ ಕಳಚಿಕೊಳ್ಳುತ್ತದೆ, ಗೊತ್ತೂ ಆಗುವುದಿಲ್ಲ. ಇನ್ನೊಂದು ಯಾರೂ ಹೇಳದ ಮಾತು: ಅಲ್ಯೂಮಿನಿಯಂ ಕ್ಯಾನ್‌ಗಳು ಒಂದಕ್ಕೊಂದು ಉಜ್ಜಿ ತೂತಾಗುತ್ತವೆ. ಬಿಯರೋ ಕೋಲಾವೋ, ನಡುವೆ ಬಟ್ಟೆ ತುರುಕಿ.

ಅಡುಗೆಗೆ ಕೊಟ್ಟಿರುವುದು ಎರಡು ಉರಿಯ ಒಲೆ, ಒಂದು ಬಾಣಲೆ, ಎರಡು ಪಾತ್ರೆ. ನಾಲ್ವರಿಗೆ ಅನ್ನ ಮಾಡಲು ಪಾತ್ರೆ ಚಿಕ್ಕದು. ಮನೆಯ 3 ಲೀಟರ್ ಕುಕ್ಕರ್ ತಂದರೆ ಗ್ಯಾಸೂ ನೀರೂ ಉಳಿಯುತ್ತವೆ. ದೋಸೆ ಹಿಟ್ಟು ತರುವ ಆಸೆ ಬಿಡಿ, ಅಲುಗಾಟಕ್ಕೆ ಉಕ್ಕಿ ಫ್ರಿಜ್ ತುಂಬ ಹರಡುತ್ತದೆ. ಹುರಿದ ರವೆ, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇಲ್ಲಿಗೆ ಹೇಳಿ ಮಾಡಿಸಿದವು. ಮೆಲ್ಬರ್ನ್, ಸಿಡ್ನಿ ಕಡೆಯಿಂದ ಬರುವವರು ಹಣ್ಣು, ತರಕಾರಿಯನ್ನು ದಕ್ಷಿಣ ಆಸ್ಟ್ರೇಲಿಯಾ ಸೇರಿದ ಮೇಲೇ ಕೊಳ್ಳಲಿ. ಹಣ್ಣುನೊಣದ ತಪಾಸಣೆಯಲ್ಲಿ ಸಿಕ್ಕರೆ ದಂಡ.

ನೀರಿಗೆ ಎರಡು 20 ಲೀಟರ್ ಕ್ಯಾನ್ ಕೊಡುತ್ತಾರೆ. ಸಾಲದು. ಕುಡಿಯಲು, ಬೇಯಿಸಲು ತಲೆಗೆ ದಿನಕ್ಕೆ ಕನಿಷ್ಠ 5 ಲೀಟರ್ ಹಿಡಿದರೂ ನಾಲ್ವರಿಗೆ 20 ಲೀಟರ್. ಗಾಡಿ ಕೆಟ್ಟರೆ ಕಾಯಲು ಎರಡು ದಿನದ್ದು ಮುಟ್ಟದೆ ಇಡಬೇಕು. ಹಾಗಾಗಿ ಮೂರು ಕ್ಯಾನ್, ಬೇರೆಬೇರೆ ಮೂಲೆಯಲ್ಲಿ. ಒಂದೇ ದೊಡ್ಡ ಟ್ಯಾಂಕ್ ಇರುವ ಗಾಡಿಯಲ್ಲಿ ನಲ್ಲಿ ಮುರಿದರೆ ಎಲ್ಲ ಹೋಯಿತು. ಬೋರ್ ನೀರು ಹಲವೆಡೆ ಉಪ್ಪು, ತೊಳೆಯಲು ಮಾತ್ರ.

ಡೀಸೆಲ್ ಟ್ಯಾಂಕ್ 80 ಲೀಟರ್. ಛಾವಣಿ ಟೆಂಟ್ ಹೊತ್ತ ಹೈಲಕ್ಸ್ 100 ಕಿ.ಮೀ.ಗೆ 12ರಿಂದ 14 ಲೀಟರ್ ಕುಡಿಯುತ್ತದೆ. ಲೆಕ್ಕಕ್ಕೆ ಒಂದೇ ಟ್ಯಾಂಕ್‌ನಲ್ಲಿ ಮಾರ್ಲಾ ಮುಟ್ಟಬಹುದು ಎನಿಸಿದರೂ ವಿಲಿಯಂ ಕ್ರೀಕ್‌ನಲ್ಲೂ ಊಡ್ನಡಾಟಾದ ಪಿಂಕ್ ರೋಡ್‌ಹೌಸ್‌ನಲ್ಲೂ ತುಂಬಿಸಿ. ಬೆಲೆ ಅಡಿಲೇಡ್‌ಗಿಂತ ಬಹಳ ಹೆಚ್ಚು, ಗೊಣಗದೆ ಕೊಡಬೇಕಾದ ಬೆಲೆ.

ಟೆಂಟ್ ಬಗ್ಗೆ ದೂರು ಕಡಿಮೆ. ಸಮತಟ್ಟು ನೆಲ ನೋಡಿ ನಿಲ್ಲಿಸಿ, ಹೊದಿಕೆಯ ಜಿಪ್ ಬಿಚ್ಚಿ, ಏಣಿ ಎಳೆದು ಅದನ್ನೇ ಸನ್ನೆಕೋಲಿನಂತೆ ಒತ್ತಿದರೆ ತೆರೆದುಕೊಳ್ಳುತ್ತದೆ. ಕೈ ಕುದುರಿದ ಮೇಲೆ ಹತ್ತು ನಿಮಿಷದ ಕೆಲಸ. ಕೀಲು ಇರುವ ಬದಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸದಿದ್ದರೆ ರಾತ್ರಿಯಿಡೀ ಕ್ಯಾನ್ವಾಸ್ ಪಟಪಟ ಬಡಿಯುತ್ತದೆ. ಜಿಪ್‌ಗೆ ಎಣ್ಣೆ ಹಾಕಬೇಡಿ, ಧೂಳು ಅಂಟುತ್ತದೆ, ಬ್ರಷ್‌ನಿಂದ ಉಜ್ಜಿ. ಕೊರತೆ ಎಂದರೆ ಹೊದಿಕೆ. ಜೂನ್, ಜುಲೈ ರಾತ್ರಿಗಳಲ್ಲಿ ಚಳಿ 5 ಡಿಗ್ರಿಗಿಂತ ಕೆಳಗೂ ಹೋಗುತ್ತದೆ, ಕೊಟ್ಟಿರುವುದು ತೆಳು ಡೂನಾ (ರಜಾಯಿ). ಸೊನ್ನೆ ಡಿಗ್ರಿಯ ಸ್ಲೀಪಿಂಗ್ ಬ್ಯಾಗ್ ನಿಮ್ಮದೇ ತನ್ನಿ. ಬೇಸಿಗೆಗೆ ಹೋಗುವ ಮಾತೇ ಬೇಡ. 1960ರ ಜನವರಿ 2ರಂದು ಊಡ್ನಡಾಟಾದಲ್ಲಿ 50.7 ಡಿಗ್ರಿ ದಾಖಲಾಗಿದೆ. ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸರಿಯಾದ ಕಾಲ. ಮುಖಕ್ಕೆ ನೊಣದ ಬಲೆ ಆಗಲೂ ಬೇಕಾದೀತು.

ಈ ಗಾಡಿಗೆ ಒಪ್ಪುವ ತಂಗುದಾಣ ಕೌವರ್ಡ್ ಸ್ಪ್ರಿಂಗ್ಸ್, ಮರೀಯಿಂದ ಸುಮಾರು 130 ಕಿ.ಮೀ. ಖರ್ಜೂರದ ಮರಗಳು, ಬುಗ್ಗೆ ನೀರಿನ ತೊಟ್ಟಿ, ಸೌದೆ ಒಲೆಯಲ್ಲಿ ಕಾಯುವ ಸ್ನಾನದ ನೀರು. ಖರ್ಜೂರ ನೋಡಿದಾಗ ಒಂಟೆಗಳ ನೆನಪೂ ಬರಲಿ: ಮರೀ ಒಂಟೆ ಸಾಗಾಟದ ಕೇಂದ್ರವಾಗಿತ್ತು. ‘ಆಫ್ಘನ್ನರು’ ಎಂದು ಕರೆಸಿಕೊಂಡ ಆ ಒಂಟೆಯವರಲ್ಲಿ ಎಷ್ಟೋ ಜನ ಸಿಂಧ್, ಪಂಜಾಬ್, ಬಲೂಚಿಸ್ತಾನದವರು. ಊಡ್ನಡಾಟಾ ಸಿಗುವ ಮುನ್ನ ನೀಲ್ಸ್ ನದಿಯ ಮೇಲೆ 578 ಮೀಟರ್ ಉದ್ದದ ಆಲ್ಜಿಬಕೀನಾ ರೈಲು ಸೇತುವೆ ಇದೆ, ಅಲ್ಲೊಂದು ರಾತ್ರಿ ನಿಲ್ಲಬಹುದು.

ಸಂಪರ್ಕಕ್ಕೆ ಗಾಡಿಯಲ್ಲಿ ಯುಎಚ್‌ಎಫ್ ರೇಡಿಯೋ (ಗಾಡಿಯಿಂದ ಗಾಡಿಗೆ ಮಾತಾಡುವಂಥದ್ದು) ಇರುತ್ತದೆ. ಹೆದ್ದಾರಿಯಲ್ಲಿ ಚಾನೆಲ್ 40 ಹಾಕಿಕೊಳ್ಳಿ. 53.5 ಮೀಟರ್‌ವರೆಗೆ ಉದ್ದವಿರುವ, ಹಲವು ಟ್ರೇಲರ್ ಎಳೆಯುವ ರೋಡ್ ಟ್ರೇನ್ ಲಾರಿಯನ್ನು ಹಿಂದಿಕ್ಕುವ ಮುನ್ನ ಅದರಲ್ಲೇ ಚಾಲಕನನ್ನು ಕೇಳಿ. ಆದರೆ ರೇಡಿಯೋ ಕೆಲವೇ ಕಿಲೋಮೀಟರ್ ಮುಟ್ಟುತ್ತದೆ. ಉಪಗ್ರಹ ಸಂದೇಶ ಸಾಧನ ಅಥವಾ 406 ಮೆಗಾಹರ್ಟ್ಸ್‌ನ ಪಿಎಲ್‌ಬಿ (ಉಪಗ್ರಹಕ್ಕೆ ಅಪಾಯದ ಸಂಕೇತ ಕಳಿಸುವ ಕೈ ಸಾಧನ) ಪಡೆಯದೆ ಹೊರಡಬೇಡಿ. ಪಿಎಲ್‌ಬಿ ಒತ್ತಿದರೆ ಜೀವ ಉಳಿಸುವವರು ಬರುತ್ತಾರೆ. ಪಂಕ್ಚರ್‌ಗೆ ಒತ್ತುವ ಗುಂಡಿಯಲ್ಲ ಅದು. ಗಾಡಿ ಕೆಟ್ಟರೆ ಗಾಡಿ ಬಿಟ್ಟು ನಡೆಯಬೇಡಿ.

ಕಾಗದಪತ್ರದ ಭಾಗವೇ ಈ ಸೇವೆಯ ದುರ್ಬಲ ಭಾಗ. ‘ಪೂರ್ಣ ವಿಮೆ’ ಎಂದು ಕೌಂಟರ್‌ನಲ್ಲಿ ಹೇಳುವುದರ ಒಳಗೆ ಸಾಮಾನ್ಯವಾಗಿ ಟೈರು, ಗಾಜು, ಗಾಡಿಯ ತಳ, ಛಾವಣಿ, ನೀರಿನ ಹಾನಿ, ಒಂಟಿ ಗಾಡಿ ಪಲ್ಟಿ ಇವು ಬರುವುದಿಲ್ಲ, ಅಥವಾ ಬೇರೆ ದುಡ್ಡು ಕೊಟ್ಟರೆ ಬರುತ್ತವೆ. ಕತ್ತಲಾದ ಮೇಲೆ ಕಾಂಗರೂ, ದನ ಅಡ್ಡ ಬರುವುದರಿಂದ ರಾತ್ರಿ ಓಡಿಸಿದರೆ ವಿಮೆ ಇಲ್ಲ ಎಂಬ ಸಾಲೂ ಇರುತ್ತದೆ. ‘ಊಡ್ನಡಾಟಾ ಟ್ರ್ಯಾಕ್’ ಎಂದು ಹೆಸರು ಬರೆದೇ ಅನುಮತಿ ಪಡೆಯಿರಿ. ‘ಮಣ್ಣು ರಸ್ತೆ ಓಕೆ’ ಎಂಬ ಬಾಯಿಮಾತು ನಿಲ್ಲುವುದಿಲ್ಲ. ಮಳೆ ಬಂದು ಸರ್ಕಾರ ರಸ್ತೆ ಮುಚ್ಚಿದಾಗ ನುಗ್ಗಿದರೆ ದಂಡವೂ ಬೀಳುತ್ತದೆ, ವಿಮೆಯೂ ಹೋಗುತ್ತದೆ. ಹೀಗೆ ಸಿಕ್ಕಿಕೊಂಡು ತಡವಾದರೆ ಹೆಚ್ಚಿನ ದಿನದ ಬಾಡಿಗೆ ಯಾರು ಕೊಡಬೇಕು ಎಂಬುದನ್ನು ಮೊದಲೇ ಕೇಳಿ. ‘24 ಗಂಟೆ ನೆರವು’ ಎಂದರೆ ಬಹುಪಾಲು ಫೋನ್ ಎತ್ತುವ ನೆರವು, ಗಾಡಿ ಎಳೆದು ತರುವ ಸಾವಿರಾರು ಡಾಲರ್ ಬೇರೆ. ಬೆಂಗಳೂರಿನಿಂದ ಬರುವ ಗೆಳೆಯರೂ ಓಡಿಸುವುದಾದರೆ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಪರವಾನಗಿಯೂ ಇರಲಿ, ಹೆಸರು ಕರಾರಿನಲ್ಲಿ ಸೇರಿರಲಿ.

ಪಡೆಯುವಾಗ ಗಾಜು, ನಾಲ್ಕೂ ಟೈರಿನ ಎರಡೂ ಬದಿ, ಗಾಡಿಯ ತಳ, ಟೆಂಟಿನ ಒಳಗು ವಿಡಿಯೋ ಮಾಡಿಕೊಳ್ಳಿ. ಹಿಂದಿರುಗಿಸುವ ಮುನ್ನ ಕೆಂಪು ಧೂಳನ್ನು ಪ್ರೆಶರ್ ವಾಶ್‌ನಲ್ಲಿ ತೊಳೆಸಿ, ಬಾಗಿಲ ಸಂದುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಟೆಂಟ್ ಬಿಚ್ಚಿ ಒಣಗಿಸಿ. ಇಷ್ಟಕ್ಕೆ ಅರ್ಧ ದಿನ ಹಿಡಿಯುತ್ತದೆ. ಆ ಅರ್ಧ ದಿನವನ್ನು ಅಡಿಲೇಡ್‌ನಲ್ಲಿ ಉಳಿಸಿಕೊಳ್ಳದಿದ್ದರೆ ಶುಚಿ ಶುಲ್ಕ ಠೇವಣಿಯಿಂದಲೇ ಕಡಿತವಾಗುತ್ತದೆ.