ಬೀದಿ ಬೆಕ್ಕು: ಮನೆ ಹುಡುಕುವುದೇ, ಶಸ್ತ್ರಚಿಕಿತ್ಸೆ ಮಾಡಿಸಿ ಮರಳಿ ಬಿಡುವುದೇ?

ಬೀದಿ ಬೆಕ್ಕುಗಳಿಗೆ ನೆರವಾಗಲು ಹೊರಟವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಹಿಡಿದು ಸಾಕುವವರ ಮನೆ ಸೇರಿಸುವುದು ಒಂದು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡುವುದು ಇನ್ನೊಂದು. ಆಯ್ಕೆಯನ್ನು ನಿಮ್ಮ ಆಸೆಯಲ್ಲ, ಬೆಕ್ಕಿನ ಸ್ವಭಾವ ನಿರ್ಧರಿಸಲಿ.

ಬಾಲವೆತ್ತಿ ಬಂದು ಕಾಲಿಗೆ ಮೈ ತಿಕ್ಕುವ ಬೆಕ್ಕಿಗೆ ಮನೆಯೇ ಬೇಕು. ಮರಿಗಳಿಗೂ ಅಷ್ಟೇ, ಆದರೆ ತಡಮಾಡುವಂತಿಲ್ಲ: ಅವು ಮನುಷ್ಯರನ್ನು ನಂಬಲು ಸುಲಭವಾಗಿ ಕಲಿಯುವ ಕಾಲ ಸುಮಾರು 2ರಿಂದ 7 ವಾರಗಳು ಮಾತ್ರ. ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದ ದೊಡ್ಡ ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕಿದರೆ ಅದು ತಿಂಗಳುಗಟ್ಟಲೆ ಮಂಚದಡಿ ಮುದುಡಿ ಕೂರಬಹುದು. ಅದನ್ನು ರಕ್ಷಣೆ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಮನೆ ಹುಡುಕುವುದು ನಿಧಾನದ ಕೆಲಸ. ಒಂದೊಂದು ಬೆಕ್ಕಿಗೂ ವಾರಗಟ್ಟಲೆ ತಾತ್ಕಾಲಿಕ ಆಶ್ರಯ ಬೇಕು. ಮರಳಿ ಬಿಡುವ ದಾರಿಯಲ್ಲಿ ಪ್ರತಿ ಬೆಕ್ಕಿಗೆ ಕೆಲವೇ ದಿನಗಳು ಸಾಕು. ಆದರೆ ಗುಂಪಿನ ಬಹುಪಾಲು ಬೆಕ್ಕುಗಳಿಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಸಂಖ್ಯೆ ಇಳಿಯದು. ಹೆಣ್ಣು ಬೆಕ್ಕು 4 ತಿಂಗಳಿಗೇ ಗರ್ಭ ಧರಿಸಬಲ್ಲದು, ಸುಮಾರು 9 ವಾರಗಳಲ್ಲಿ ಮರಿ ಹಾಕುತ್ತದೆ. ಬಿಟ್ಟ ಮೇಲೂ ಊಟ, ನೀರು, ಕಾಯಿಲೆಯ ನಿಗಾ ತಪ್ಪದು. ಶಸ್ತ್ರಚಿಕಿತ್ಸೆಯ ವೇಳೆಯೇ ಕಿವಿಯ ತುದಿಯನ್ನು ತುಸು ಕತ್ತರಿಸಿರುತ್ತಾರೆ. ಆ ಗುರುತಿದ್ದರೆ ಮತ್ತೆ ಹಿಡಿಯಬೇಡಿ.

ನನ್ನ ಮಟ್ಟಿಗೆ, ದೊಡ್ಡ ಗುಂಪಿದ್ದಲ್ಲಿ ಎರಡನ್ನೂ ಒಟ್ಟಿಗೇ ಮಾಡಬೇಕು: ಮರಿಗಳಿಗೆ ಮನೆ, ಅಂಜುವ ದೊಡ್ಡವಕ್ಕೆ ಶಸ್ತ್ರಚಿಕಿತ್ಸೆ. ಹಿಡಿದ ಹೆಣ್ಣಿನ ಮೊಲೆಯಲ್ಲಿ ಹಾಲು ಕಂಡರೆ ಮಾತ್ರ ಮೊದಲು ಸುತ್ತಮುತ್ತ ಹುಡುಕಿ. ಮರಿಗಳು ಎಲ್ಲೋ ಹಸಿದು ಕಾಯುತ್ತಿರುತ್ತವೆ.