ಕೋರ್ಟ್ ಪಕ್ಕದ ಟೈಪಿಂಗ್ ಅಂಗಡಿಗೆ ಯಾವುದು ಸರಿ: ವಿಂಡೋಸ್ 11, ಉಬುಂಟು, ಲಿನಕ್ಸ್ ಮಿಂಟ್?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲಿನಕ್ಸ್ ಮಿಂಟ್‌ಗೆ. ಅದರಲ್ಲೂ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಇರುವ ಆವೃತ್ತಿಗೆ. ಉಬುಂಟು, ಮಿಂಟ್ ಎರಡೂ ವಿಂಡೋಸ್ ಬದಲು ಹಾಕಿಕೊಳ್ಳುವ, ಲಿನಕ್ಸ್ ಜಾತಿಯ ಪುಕ್ಕಟೆ ಆಪರೇಟಿಂಗ್ ಸಿಸ್ಟಂಗಳು. ತುಮಕೂರಿನ ಕೋರ್ಟ್ ಹತ್ತಿರ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಬಾಡಿಗೆ ಕರಾರು, ಅಫಿಡವಿಟ್, ವಿಭಾಗ ಪತ್ರ, ವಂಶವೃಕ್ಷದ ಅರ್ಜಿ, ಇವೇ ದಿನದ ಕೆಲಸ. ಗುಬ್ಬಿ, ಕುಣಿಗಲ್, ಶಿರಾ, ಕೊರಟಗೆರೆ ಕಡೆಯಿಂದ ಬಂದವರು ಬಸ್ ಹೊರಡೋದರೊಳಗೆ ಕಾಗದ ಕೈಗೆ ಸಿಗಲಿ ಅಂತ ಕೌಂಟರ್ ಮುಂದೆ ನಿಂತಿರುತ್ತಾರೆ. ನನಗೆ ಬೇಕಾದ್ದು ಇಷ್ಟೇ. ಕನ್ನಡ ಸರಾಗವಾಗಿ ಟೈಪ್ ಆಗಬೇಕು, ಪ್ರಿಂಟ್ ತಕ್ಷಣ ಬರಬೇಕು, ಲೈಸೆನ್ಸ್ ವಿಚಾರದಲ್ಲಿ ಯಾರೂ ಬೊಟ್ಟು ಮಾಡಿ ತೋರಿಸಬಾರದು.

ಈ ಹುಡುಕಾಟ ಶುರುವಾಗಿದ್ದೇ ಲೈಸೆನ್ಸ್‌ನಿಂದ. ಅಂಗಡಿಗೆ ಇನ್ನೊಂದು ಕಂಪ್ಯೂಟರ್ ಬೇಕಿತ್ತು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್ ತಂದೆ. ನಾಲ್ಕನೇ ಜನರೇಶನ್ ಐ5, 8 ಜಿಬಿ ರ್‍ಯಾಮ್, 240 ಜಿಬಿ ಎಸ್‌ಎಸ್‌ಡಿ. ಯಂತ್ರ ಗಟ್ಟಿಮುಟ್ಟಾಗಿದೆ, ಅದರ ಬಗ್ಗೆ ದೂರಿಲ್ಲ. ಮೋಸ ಇದ್ದದ್ದು ಒಳಗಿನ ವಿಂಡೋಸ್‌ನಲ್ಲಿ. ಒರಿಜಿನಲ್, ಆಕ್ಟಿವೇಟ್ ಆಗಿದೆ ಅಂತ ಮಾರಿದವರು ಬಾಯಿ ತುಂಬಾ ಹೇಳಿದ್ದರು. ಊರಿಗೆ ತಂದು ನೋಡಿದರೆ ಕ್ರ್ಯಾಕ್ ಹಾಕಿ ಆಕ್ಟಿವೇಟ್ ಮಾಡಿದ್ದು. ಆ ಕ್ರ್ಯಾಕ್ ಸಿಕ್ಕಿಬೀಳದಿರಲಿ ಅಂತ ಆಂಟಿವೈರಸ್ಸನ್ನೇ ಆಫ್ ಮಾಡಿಟ್ಟಿದ್ದರು. ಜನರ ಆಧಾರ್, ಪ್ಯಾನ್, ಪಹಣಿ ಎಲ್ಲ ಸ್ಕ್ಯಾನ್ ಆಗುವ ಯಂತ್ರ ಅದು. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಕ್ರ್ಯಾಕ್ ಎಲ್ಲರೂ ಹಾಕ್ತಾರೆ ಬಿಡಿ ಅನ್ನುವವರು ನಮ್ಮ ಲೈನಿನಲ್ಲಿ ಜಾಸ್ತಿ. ಆದರೆ 1957ರ ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್ ನೋಡಿ. ಸಾಫ್ಟ್‌ವೇರಿನ ಕಳ್ಳ ಕಾಪಿ ಅಂತ ಗೊತ್ತಿದ್ದೂ ಬಳಸಿದರೆ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರಕ್ಕೆ ಬಳಸದೆ ಇದ್ದವರಿಗೆ ಕೋರ್ಟು ಸ್ವಲ್ಪ ರಿಯಾಯಿತಿ ತೋರಿಸಬಹುದು. ಅಂಗಡಿಯವನಿಗೆ ಆ ದಾರಿಯೂ ಇಲ್ಲ. ಕೋರ್ಟ್ ಪಕ್ಕದಲ್ಲೇ ಕೂತು ವಕೀಲರ ಕಾಗದ ಟೈಪ್ ಮಾಡುವ ನಾನು ಕಳ್ಳ ಕಾಪಿಯಲ್ಲಿ ಕೆಲಸ ಮಾಡುವುದು ನನಗಂತೂ ಸರಿ ಕಾಣಲಿಲ್ಲ.

ಹಾಗಾದರೆ ದುಡ್ಡು ಕೊಟ್ಟು ಅಸಲಿ ವಿಂಡೋಸ್ 11 ತಗೊಂಡರೆ? ಈ ಯಂತ್ರಕ್ಕೆ ಅದು ಕೂರುವುದಿಲ್ಲ. ಇಂಟೆಲ್ ಆದರೆ ಎಂಟನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಬೇಕು, ಜೊತೆಗೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು ಅಂತ ಮೈಕ್ರೋಸಾಫ್ಟ್ 2021ರಲ್ಲೇ ಹೇಳಿದೆ. ರೂಫಸ್ ಅನ್ನುವ ಟೂಲ್‌ನಿಂದ ಆ ತಪಾಸಣೆ ತಪ್ಪಿಸಿ ಹಾಕಬಹುದು. ಹಾಕಿಯೂ ನೋಡಿದೆ, ಓಡುತ್ತದೆ. ಸುಮ್ನೆ ಆನ್ ಮಾಡಿ ಬಿಟ್ಟರೆ 3 ಜಿಬಿ ಆಸುಪಾಸು ರ್‍ಯಾಮ್ ಹೋಗುತ್ತದೆ. ಬ್ರೌಸರ್, ಸ್ಕ್ಯಾನರ್, ವರ್ಡ್ ಮೂರೂ ತೆರೆದರೆ ಕೈ ಕಟ್ಟಿಹಾಕಿದ ಹಾಗೆ. ಅದಕ್ಕಿಂತ ಮುಖ್ಯ, ಬೆಂಬಲ ಇಲ್ಲದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ದುಡ್ಡು ಕೊಟ್ಟೂ ಖಾತರಿ ಇಲ್ಲ ಅಂದರೆ ಏನು ಪ್ರಯೋಜನ?

ವಿಂಡೋಸ್ 10ರಲ್ಲೇ ಉಳಿಯುವ ಮಾತು ಮುಗಿದಿದೆ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ನಿಂತಿತು. ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಅಂತ ಇನ್ನೂ ಸ್ವಲ್ಪ ಕಾಲ ತಳ್ಳಬಹುದು, ಅಷ್ಟೇ.

ಲೈಸೆನ್ಸ್‌ನಲ್ಲಿ ಇನ್ನೊಂದು ಮಾತು ಬಹಳ ಜನಕ್ಕೆ ತಿಳಿದಿರುವುದಿಲ್ಲ. ಕಂಪ್ಯೂಟರ್ ಜೊತೆ ಬರುವ ಓಇಎಂ ವಿಂಡೋಸ್ ಆ ಯಂತ್ರದ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಆ ಯಂತ್ರ ಕೈಕೊಟ್ಟರೆ ಅದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುವ ಹಕ್ಕು ನಿಮಗಿಲ್ಲ. ಅಂಗಡಿಯಲ್ಲಿ ಬೇರೆ ತಗೊಳ್ಳುವ ರೀಟೇಲ್ ಲೈಸೆನ್ಸನ್ನು ಮಾತ್ರ ಯಂತ್ರದಿಂದ ಯಂತ್ರಕ್ಕೆ ಸಾಗಿಸಬಹುದು. ಅದಕ್ಕೆ ಕೊಡುವ ದುಡ್ಡಿನಲ್ಲಿ ನಮ್ಮಂಥವರು ಇನ್ನೊಂದು ಹಳೆ ಕಂಪ್ಯೂಟರಿನ ಕಡೆ ಕಣ್ಣು ಹಾಕುತ್ತೇವೆ. ಲಿನಕ್ಸ್ ಕಡೆ ಹಾಗಲ್ಲ. ಅದರ ತಿರುಳಾದ ಕರ್ನಲ್ ಇರುವುದು ಜಿಪಿಎಲ್ ಆವೃತ್ತಿ 2ರ ಅಡಿಯಲ್ಲಿ, ವರ್ಡ್ ಬದಲು ಬಳಸುವ ಲಿಬ್ರೆಆಫೀಸ್ ಇರುವುದು ಎಂಪಿಎಲ್ 2.0 ಅಡಿಯಲ್ಲಿ. ಎರಡೂ ಯಾರು ಬೇಕಾದರೂ ಕಾಪಿ ಮಾಡಿ ಹಂಚಲು ಬಿಡುವ ಲೈಸೆನ್ಸುಗಳು. ಮೂರು ಯಂತ್ರಕ್ಕೆ ಹಾಕಿ, ತಮ್ಮನ ಅಂಗಡಿಗೂ ಹಾಕಿಕೊಡಿ, ಯಾರೂ ಕೇಳುವುದಿಲ್ಲ. ಬರಹದಲ್ಲೇ ಅನುಮತಿ ಕೊಟ್ಟಿದ್ದಾರೆ. ನನಗೆ ಲಿನಕ್ಸ್ ಹಿಡಿಸಲು ಇದೇ ದೊಡ್ಡ ಕಾರಣ, ಪುಕ್ಕಟೆ ಸಿಗುತ್ತದೆ ಅನ್ನುವುದು ಆಮೇಲಿನ ಮಾತು.

ಈಗ ಉಬುಂಟು 24.04. ನೋಡಲು ಚೆಂದ, ಇನ್‌ಸ್ಟಾಲ್ ಸುಲಭ. ನನ್ನ ಯಂತ್ರದಲ್ಲಿ ಮಿಂಟ್‌ಗಿಂತ ಭಾರ ಅನ್ನಿಸಿತು. ಅದರ ಗ್ನೋಮ್ ಡೆಸ್ಕ್‌ಟಾಪ್ ಹೊಸ ಯಂತ್ರಗಳಿಗೆ ಸರಿ. ಆದರೆ ನನಗೆ ಸರಿಹೋಗದ್ದು ಸ್ನ್ಯಾಪ್, ಅಂದರೆ ಉಬುಂಟುವಿನವರು ಪ್ರೋಗ್ರಾಂಗಳನ್ನು ಪೊಟ್ಟಣ ಕಟ್ಟಿ ಕೊಡುವ ವ್ಯವಸ್ಥೆ. 22.04ರಿಂದ ಉಬುಂಟುವಿನಲ್ಲಿ ಫೈರ್‌ಫಾಕ್ಸ್ ಬರುವುದೇ ಸ್ನ್ಯಾಪ್ ಪೊಟ್ಟಣವಾಗಿ. ಯಂತ್ರ ಆನ್ ಮಾಡಿದ ಮೇಲೆ ಮೊದಲ ಸಲ ತೆರೆಯಲು ನಿಧಾನ. ಮನೆ ಫೋಲ್ಡರಿನ ಹಿಡನ್ ಫೈಲುಗಳು ಅದಕ್ಕೆ ಕಾಣುವುದೂ ಇಲ್ಲ. ಸ್ನ್ಯಾಪ್ ಪ್ರೋಗ್ರಾಂ ಓಪನ್ ಸೋರ್ಸ್ ಹೌದು, ಆದರೆ ಅದು ಸಾಮಾನು ತರುವ ಸ್ಟೋರಿನ ಸರ್ವರ್ ಓಪನ್ ಅಲ್ಲ. ಒಂದೇ ಅಂಗಡಿ, ಒಬ್ಬನೇ ಯಜಮಾನ. ಮಿಂಟ್‌ನವರು 2020ರಲ್ಲಿ ಮಿಂಟ್ 20 ಬಿಟ್ಟಾಗ ಇದೇ ಕಾರಣಕ್ಕೆ ಸ್ನ್ಯಾಪ್ ತಾನಾಗಿ ಒಳಗೆ ಬರದ ಹಾಗೆ ಬಾಗಿಲು ಹಾಕಿದರು. ಬೇಕಾದವರು ತೆಗೆದುಕೊಳ್ಳಬಹುದು. ಆ ನಿಲುವು ನನಗೆ ಮೆಚ್ಚುಗೆಯಾಯಿತು.

ಮಿಂಟ್ 22 ನಿಂತಿರುವುದು ಉಬುಂಟು 24.04ರ ಮೇಲೆಯೇ, ಬೆಂಬಲ 2029ರವರೆಗೆ. ಅಂದರೆ ಒಳಗಿನ ಸರಕು ಒಂದೇ, ಮೇಲಿನ ತೊಡುಗೆ ಬೇರೆ. ಎಕ್ಸ್‌ಎಫ್‌ಸಿಇಯಲ್ಲಿ ಆನ್ ಮಾಡಿದಾಗ ರ್‍ಯಾಮ್ 1 ಜಿಬಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಕೆಳಗೆ ಪಟ್ಟಿ, ಎಡಗಡೆ ಮೆನು. ಅಂಗಡಿಯಲ್ಲಿ ಕೆಲಸಕ್ಕೆ ಇರುವ ಹುಡುಗಿ ವಿಂಡೋಸ್ ಬಿಟ್ಟು ಬೇರೆ ನೋಡಿದವಳಲ್ಲ, ಅವಳಿಗೂ ಏನೂ ತೊಡಕಾಗಲಿಲ್ಲ. ಟೈಂಶಿಫ್ಟ್ ಅಂತ ಒಂದು ಟೂಲ್ ಇದೆ. ಅಪ್‌ಡೇಟ್ ಮಾಡಿ ಏನಾದರೂ ಕೆಟ್ಟರೆ ಹಿಂದಿನ ದಿನದ ಸ್ಥಿತಿಗೆ ವಾಪಸ್ ಹೋಗಬಹುದು. ಸಿನಮನ್ ಆವೃತ್ತಿಯೂ ಈ ಯಂತ್ರದಲ್ಲಿ ಓಡುತ್ತದೆ. ನನಗೆ ಚೆಂದಕ್ಕಿಂತ ವೇಗ ಮುಖ್ಯ. ಅಂದಹಾಗೆ, ನಿಮ್ಮದು ಇನ್ನೂ ಹಳೆ ಹಾರ್ಡ್‌ಡಿಸ್ಕ್ ಆಗಿದ್ದರೆ ಈ ಚರ್ಚೆಯೆಲ್ಲ ಆಮೇಲೆ. ಮೊದಲು ಎಸ್‌ಎಸ್‌ಡಿ ಹಾಕಿಸಿ.

ಇನ್ನು ನಿಜವಾಗಿ ತಲೆ ತಿಂದ ವಿಷಯಕ್ಕೆ ಬರುತ್ತೇನೆ. ಅದು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಮಾಡಿದ ಹಳೆ ಫೈಲುಗಳು.

ನಮ್ಮಂಥ ಅಂಗಡಿಗಳ ಆಸ್ತಿ ಅಂದರೆ ಹಳೆ ಫೈಲು. ಹೋದ ವರ್ಷದ ಬಾಡಿಗೆ ಕರಾರು ತೆಗೆದು ಹೆಸರು, ತಾರೀಖು, ಮೊತ್ತ ಬದಲಿಸಿದರೆ ಹೊಸ ಕರಾರು ರೆಡಿ. ಆ ಫೈಲುಗಳೆಲ್ಲ ನುಡಿಯ ಹಳೆ ಫಾಂಟಿನಲ್ಲಿವೆ. ಅವುಗಳಲ್ಲಿ ನಿಜಕ್ಕೂ ಕನ್ನಡ ಅಕ್ಷರ ಇಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಚಿತ್ರವಾಗಿ ಕೂರಿಸಿದ್ದಾರೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ತಲೆ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಫಾಂಟ್ ಫೈಲನ್ನು ಮಿಂಟ್‌ಗೆ ಕಾಪಿ ಮಾಡಿದರೆ ಲಿಬ್ರೆಆಫೀಸಿನಲ್ಲಿ ಸರಿಯಾಗಿ ಕಾಣುತ್ತದೆ, ಪ್ರಿಂಟೂ ಬರುತ್ತದೆ. ಬರೀ ಪ್ರಿಂಟ್ ಸಾಕು ಅನ್ನುವವರಿಗೆ ಕೆಲಸ ಅಲ್ಲಿಗೇ ಮುಗಿಯಿತು.

ತಿದ್ದಬೇಕು ಅಂದರೆ ಕಷ್ಟ ಶುರು. ಲಿನಕ್ಸಿನಲ್ಲಿ ನಾವು ಟೈಪ್ ಮಾಡುವುದು ಯುನಿಕೋಡ್, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿ. ಹಳೆ ಸಾಲಿನ ಮಧ್ಯೆ ಹೊಸ ಹೆಸರು ಸೇರಿಸಿದರೆ ಒಂದೇ ಸಾಲಿನಲ್ಲಿ ಎರಡು ಜಾತಿಯ ಅಕ್ಷರ. ಹುಡುಕಿದರೆ ಅರ್ಧ ಸಿಗುತ್ತದೆ, ಅರ್ಧ ಸಿಗುವುದಿಲ್ಲ. ಹಾಗಾಗಿ ಇಡೀ ಫೈಲನ್ನು ಯುನಿಕೋಡಿಗೆ ಬದಲಿಸುವುದೊಂದೇ ದಾರಿ. ಅದಕ್ಕೆ ಪುಕ್ಕಟೆ ಕನ್ವರ್ಟರುಗಳಿವೆ, ಮಾಡಿದವರು ಪುಣ್ಯಾತ್ಮರು. ಕೆಲಸ ಸುಲಭದ್ದೂ ಅಲ್ಲ. 'ಅರ್ಜಿ' ಅನ್ನುವ ಪದವನ್ನೇ ತಗೊಳ್ಳಿ. ಹಳೆ ಫೈಲಿನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ ಇರುತ್ತದೆ: ಮೊದಲು ಅ, ಆಮೇಲೆ ಜಿ, ಕೊನೆಗೆ ಅರ್ಕಾವತ್ತು. ಯುನಿಕೋಡಿನಲ್ಲಿ ಓದುವ ಕ್ರಮ: ಅ, ರ್, ಜಿ. ಕನ್ವರ್ಟರ್ ಅರ್ಕಾವತ್ತನ್ನು ಹಿಂದಿನಿಂದ ಎತ್ತಿ ಮುಂದೆ ತಂದು ಕೂರಿಸಬೇಕು. ಅದನ್ನೆಲ್ಲ ಅವು ಸರಿಯಾಗಿಯೇ ಮಾಡುತ್ತವೆ.

ತೊಂದರೆ ಬರುವುದು ಇಂಗ್ಲಿಷಿನಿಂದ. ನಮ್ಮ ಕಾಗದಗಳಲ್ಲಿ ಕನ್ನಡದ ನಡುವೆ ಪ್ಯಾನ್ ನಂಬರ್, ಬ್ಯಾಂಕಿನ ಐಎಫ್‌ಎಸ್‌ಸಿ, ಗಾಡಿ ನಂಬರ್ ಇಂಗ್ಲಿಷಿನಲ್ಲಿ ಇರುತ್ತವೆ. ಪಠ್ಯವನ್ನು ಸುಮ್ನೆ ಕಾಪಿ ಮಾಡಿ ಕನ್ವರ್ಟರಿಗೆ ಹಾಕಿದರೆ ಅದಕ್ಕೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ಕನ್ನಡದ ವೇಷ ಅಂತ ತಿಳಿಯುವುದಿಲ್ಲ. ಪ್ಯಾನ್‌ನ ಮೊದಲ ಐದು ಅಕ್ಷರವನ್ನೂ ಕನ್ನಡ ಅಂತಲೇ ತಿಳಿದು ಬದಲಿಸಿಬಿಡುತ್ತದೆ. ಅಂಕಿಗಳ ಮೇಲೂ ಕಣ್ಣಿಡಬೇಕು. ನುಡಿಯಲ್ಲಿ ಹೆಸರಿನ ಕೊನೆಗೆ 'ಇ' ಇರುವ ಫಾಂಟಿನಲ್ಲಿ ಇಂಗ್ಲಿಷ್ ಅಂಕಿ, 'ಕೆ' ಇರುವುದರಲ್ಲಿ ಕನ್ನಡ ಅಂಕಿ. ವಿಭಾಗ ಪತ್ರದ ಷೆಡ್ಯೂಲಿನಲ್ಲಿ ಸರ್ವೆ ನಂಬರ್, ಎಕರೆ-ಗುಂಟೆ, ಚೆಕ್ಕುಬಂದಿ ಇರುತ್ತದೆ. ಅಲ್ಲಿ ಒಂದು ಅಕ್ಷರ ಆಚೀಚೆ ಆದರೆ ಅಣ್ಣತಮ್ಮಂದಿರು ಮತ್ತೆ ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ.

ಇದಕ್ಕೆ ದಾರಿ ಮಾಡಿಕೊಟ್ಟವನು ನನ್ನ ಅಕ್ಕನ ಮಗ. ಫೈಲಿನೊಳಗೆ ಪ್ರತಿ ತುಂಡು ಪಠ್ಯಕ್ಕೂ ಯಾವ ಫಾಂಟ್ ಅಂತ ಬರೆದಿರುತ್ತದಲ್ವಾ, ಅದನ್ನೇ ನೋಡಿ ಬದಲಿಸುವ ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಬರೆದುಕೊಟ್ಟ. ನುಡಿ ಫಾಂಟ್ ಇದ್ದರೆ ಮಾತ್ರ ಕನ್ನಡಕ್ಕೆ ತಿರುಗಿಸುತ್ತದೆ, ಬೇರೆ ಫಾಂಟ್ ಇದ್ದರೆ ಮುಟ್ಟುವುದಿಲ್ಲ. ಪ್ಯಾನ್ ಪ್ಯಾನ್ ಆಗಿಯೇ ಉಳಿಯಿತು. ಟೇಬಲ್, ಬೋಲ್ಡ್, ಅಂಡರ್‌ಲೈನ್ ಕೂಡ ಉಳಿದವು. ಆದರೂ ಷೆಡ್ಯೂಲ್ ಮಾತ್ರ ನಾನು ಹಳೆ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ಓದಿಯೇ ಮುಂದಕ್ಕೆ ಹೋಗುವುದು.

ಬದಲಿಸಿದ ಮೇಲೆ ಪುಟ ಉದ್ದವಾಗುವ ಕಾಟ ಇನ್ನೊಂದು. ನೋಟೋ ಕನ್ನಡ ಫಾಂಟಿನ ಸಾಲಂತರ ಜಾಸ್ತಿ. ಇ-ಸ್ಟಾಂಪ್ ಹಾಳೆಯ ಕೆಳಗೆ ಉಳಿದ ಜಾಗದಲ್ಲಿ ಕೂರುತ್ತಿದ್ದ ಮೊದಲ ಪ್ಯಾರಾ ಕೂರದೆ ಮುಂದಿನ ಹಾಳೆಗೆ ಜಾರಿತು. ಲಿಬ್ರೆಆಫೀಸಿನಲ್ಲಿ ಲೈನ್ ಸ್ಪೇಸಿಂಗನ್ನು 'ಫಿಕ್ಸೆಡ್' ಮಾಡಿ ಪಾಯಿಂಟ್ ಕೊಟ್ಟರೆ ಸರಿಹೋಗುತ್ತದೆ. ಆಪ್ಶನ್ಸ್‌ನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಸಿಟಿಎಲ್ (ಕನ್ನಡದಂಥ ಜೋಡಣೆಯ ಲಿಪಿಗಳ ಸೆಟ್ಟಿಂಗ್) ಅನ್ನುವುದನ್ನು ಕನ್ನಡಕ್ಕೆ ಇಡುವುದನ್ನು ಮರೆಯಬೇಡಿ. ಲಿಬ್ರೆಆಫೀಸ್ ಕನ್ನಡಕ್ಕೆ ಬೇರೆ ಫಾಂಟ್, ಬೇರೆ ಸೈಜ್ ಲೆಕ್ಕ ಇಟ್ಟಿರುತ್ತದೆ. ನನ್ನಲ್ಲಿ ಆ ಜಾಗದಲ್ಲಿ ದೇವನಾಗರಿ ಫಾಂಟ್ ಕೂತಿತ್ತು. ಗುಬ್ಬಿ ಅಂತಲೇ ಹೆಸರಿರುವ ಒಂದು ಕನ್ನಡ ಫಾಂಟ್, ನವಿಲು ಅಂತ ಇನ್ನೊಂದು, ಎರಡೂ ಮಿಂಟ್‌ನ ಸಾಫ್ಟ್‌ವೇರ್ ಪಟ್ಟಿಯಲ್ಲೇ ಪುಕ್ಕಟೆ ಸಿಗುತ್ತವೆ. ಹಾಕಿ ನೋಡಿ.

ಟೈಪಿಂಗ್ ವಿಚಾರದಲ್ಲಿ ಭಯ ಬೇಡ. ಕೆ.ಪಿ. ರಾವ್ ಅವರು ಕೊಟ್ಟ ಕೀಲಿಮಣೆ, ನಾವು ನುಡಿಯಲ್ಲಿ ಕಲಿತ ಕಗಪ, ಲಿನಕ್ಸಿನಲ್ಲೂ ಇದೆ. ಎರಡು ಕಡೆ ಇದೆ, ಅದೇ ಸ್ವಲ್ಪ ಗೊಂದಲ. ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ ಸಿಗುವ ಕಗಪದಲ್ಲಿ ಒಂದು ಕೀಲಿಗೆ ಒಂದೇ ಅಕ್ಷರ, ಹಿಂದಿನ ಅಕ್ಷರ ನೋಡಿ ಬದಲಾಗುವುದಿಲ್ಲ. ನುಡಿಯ ಕೈ ಅಭ್ಯಾಸ ಇರುವವರು ಐಬಸ್ ಅನ್ನುವ ಟೈಪಿಂಗ್ ಟೂಲ್ ಹಾಕಿ, ಅದರ ಎಂ17ಎನ್ ಪೊಟ್ಟಣದ ಕಗಪ ಆರಿಸಿಕೊಳ್ಳಿ. 'ಎಫ್' ಒತ್ತಿ ಒತ್ತಕ್ಷರ ಕೊಡುವ ಅದೇ ಓಟ ಸಿಗುತ್ತದೆ. ನನ್ನ ಬೆರಳಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಪ್ರಿಂಟರ್: ಎಚ್‌ಪಿಯ ಹಳೆ ಲೇಸರ್ ಸಿಕ್ಕಿಸಿದ ತಕ್ಷಣ ಓಡಿತು. ಬೇರೆ ಕಂಪನಿಯದಾದರೆ ಕೊಳ್ಳುವ ಮೊದಲು ಲಿನಕ್ಸ್ ಡ್ರೈವರ್ ಇದೆಯಾ ಅಂತ ವಿಚಾರಿಸಿ. ಸ್ಕ್ಯಾನಿಂಗ್ ಸರಾಗ. ಸರ್ಕಾರಿ ಪೋರ್ಟಲ್‌ಗಳು ಫೈರ್‌ಫಾಕ್ಸ್, ಕ್ರೋಮ್ ಎರಡರಲ್ಲೂ ತೆರೆಯುತ್ತವೆ. ಡಿಜಿಟಲ್ ಸಿಗ್ನೇಚರ್ ಟೋಕನ್ ಕೆಲಸವನ್ನು ವಕೀಲರು ತಮ್ಮ ಲ್ಯಾಪ್‌ಟಾಪಿನಲ್ಲೇ ಮಾಡಿಕೊಳ್ಳುತ್ತಾರೆ, ನಾನು ಅದಕ್ಕೆ ಕೈ ಹಾಕಿಲ್ಲ.

ಮದುವೆ ಕಾರ್ಡ್, ಫ್ಲೆಕ್ಸ್ ಮಾಡುವವರಿಗೆ ನನ್ನ ಸಲಹೆ ಬೇರೆ. ಕೋರೆಲ್‌ಡ್ರಾಗೆ ಈಗ ಲಿನಕ್ಸ್ ಆವೃತ್ತಿ ಇಲ್ಲ. ಇಂಕ್‌ಸ್ಕೇಪ್ ಒಳ್ಳೆಯದು, ಕೋರೆಲ್ ಫೈಲನ್ನೂ ತಕ್ಕಮಟ್ಟಿಗೆ ತೆರೆಯುತ್ತದೆ, ಆದರೆ ಡಿಸೈನ್ ಆಚೀಚೆ ಆಗುತ್ತದೆ. ಪ್ರೆಸ್ಸಿನವರು ಕೋರೆಲ್ ಫೈಲೇ ಬೇಕು ಅಂತ ಕೇಳಿದರೆ ಬೇರೆ ದಾರಿ ಇಲ್ಲ. ಅಂಥವರು ಲೈಸೆನ್ಸ್ ಇರುವ ವಿಂಡೋಸ್ 11 ಸಮೇತ ಒಂದು ಹೊಸ ಯಂತ್ರ ಇಟ್ಟುಕೊಳ್ಳಲಿ. ಅದೇ ಅಂಗಡಿಯ ಟೈಪಿಂಗ್ ಯಂತ್ರಗಳಿಗೆ ಮಿಂಟ್ ಹಾಕಿದರೆ ಲೈಸೆನ್ಸ್ ಖರ್ಚು ಒಂದಕ್ಕೇ ನಿಲ್ಲುತ್ತದೆ. ನನಗೆ ಕಾರ್ಡ್ ಕೆಲಸ ಇಲ್ಲ, ಹಾಗಾಗಿ ಎರಡೂ ಯಂತ್ರಕ್ಕೆ ಮಿಂಟ್. ಉಳಿದ ದುಡ್ಡಿಗೆ ಎರಡಕ್ಕೂ ಸೇರಿ ಒಂದು ಯುಪಿಎಸ್ ತಂದೆ.